ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್, ಬಿ.ಎಚ್. ರಸ್ತೆಯಲ್ಲಿ ಸೈಟು

ಗುಬ್ಬಿ ದಾಟಿ ನಿಟ್ಟೂರಿನ ಕಡೆ ಹೊರಟರೆ ಬಿ.ಎಚ್. ರಸ್ತೆಯ ಎರಡೂ ಮಗ್ಗುಲಲ್ಲಿ ತೆಂಗು, ಅಡಿಕೆ. ತೋಟ ಮುಗಿದಲ್ಲಿ ರಾಗಿ ಹೊಲ. ಹೊಲಗಳ ನಡುವೆ ಸಾಲಾಗಿ ಬಣ್ಣದ ಬಾವುಟ ಕಂಡರೆ ಊರಹಬ್ಬ ಅಂದುಕೊಳ್ಳಬೇಡಿ, ಅದು ಲೇಔಟು. ಜೆಸಿಬಿಯಲ್ಲಿ ಎಳೆದ ಕೆಮ್ಮಣ್ಣಿನ ರಸ್ತೆ, ಮೂಲೆಮೂಲೆಗೆ ನೆಟ್ಟ ಸುಣ್ಣ ಬಳಿದ ಕಲ್ಲು, ಹೆದ್ದಾರಿಗೆ ಮುಖ ಮಾಡಿದ ಸಿಮೆಂಟಿನ ಕಮಾನು. ಕಮಾನಿನ ಪಕ್ಕದ ಫ್ಲೆಕ್ಸಿನಲ್ಲಿ ಹೆಲಿಕಾಪ್ಟರ್ ಹಾರುತ್ತಿದೆ, ಕೆಳಗೆ ‘ಎಚ್‌ಎಎಲ್‌ಗೆ ಹತ್ತೇ ನಿಮಿಷ’ ಎಂಬ ಸಾಲು. ಇಡೀ ಲೇಔಟಿನಲ್ಲಿ ಎದ್ದಿರುವ ಕಟ್ಟಡ ಒಂದೇ: ಸೈಟು ತೋರಿಸುವವರು ಕೂರುವ ತಗಡಿನ ಶೆಡ್ಡು.

ಆ ಎಚ್‌ಎಎಲ್ ಇರುವುದು ಬಿದರೆಹಳ್ಳ ಕಾವಲ್‌ನಲ್ಲಿ. ಹಿಂದೆ ಬಯಲಾಗಿದ್ದ ಜಾಗ ಈಗ 615 ಎಕರೆಯ ಕಾರ್ಖಾನೆ. ಹೊರಗೆ ನಿಂತವರಿಗೆ ಕಾಣುವುದು ಉದ್ದನೆಯ ಕಾಂಪೌಂಡು, ಮುಳ್ಳುತಂತಿ, ದೂರದಲ್ಲಿ ಹ್ಯಾಂಗರುಗಳ ಬೆನ್ನು, ಅಷ್ಟೇ. ಮೊಬೈಲು ಎತ್ತಿದರೆ ಗೇಟಿನವರು ಬೇಡ ಎಂದು ಕೈಯಾಡಿಸುತ್ತಾರೆ. ರಕ್ಷಣಾ ಕಾರ್ಖಾನೆ, ಅದು ಇರಬೇಕಾದ್ದೇ. ಒಳಗೆ ಹೆಲಿಕಾಪ್ಟರಿನ ಒಡಲು ಕಟ್ಟಲು ಒಂದು ಹ್ಯಾಂಗರು, ಅಂತಿಮ ಜೋಡಣೆಗೆ ಇನ್ನೊಂದು, ಹಾರಿಸಿ ಪರೀಕ್ಷಿಸುವುದಕ್ಕೆ ಮತ್ತೊಂದು, ಜೊತೆಗೆ ಹೆಲಿಕಾಪ್ಟರಿಗೆಂದೇ ರನ್‌ವೇ ಮತ್ತು ವಾಯು ಸಂಚಾರ ನಿಯಂತ್ರಣ ಕೇಂದ್ರ ಇವೆ. ಪ್ರಧಾನಿ ನರೇಂದ್ರ ಮೋದಿ ಇದಕ್ಕೆ ಅಡಿಗಲ್ಲು ಹಾಕಿದ್ದು 2016ರ ಜನವರಿ 3ರಂದು. ಅವರೇ ಮತ್ತೆ ಬಂದು ಉದ್ಘಾಟಿಸಿದ್ದು 2023ರ ಫೆಬ್ರುವರಿ 6ರಂದು. ಅಡಿಗಲ್ಲಿನ ಹೊತ್ತಿಗೆ ನೇರವಾಗಿ, ಪರೋಕ್ಷವಾಗಿ 4,000 ಕುಟುಂಬಗಳಿಗೆ ಕೆಲಸ ಎಂದಿದ್ದರು. ಉದ್ಘಾಟನೆಯ ಹೊತ್ತಿಗೆ ಅದು 6,000 ಜನ ಎಂದಾಯಿತು. ವರ್ಷಕ್ಕೆ 30 ಹೆಲಿಕಾಪ್ಟರಿನಿಂದ ಶುರುವಾಗಿ 60ಕ್ಕೆ, ಆಮೇಲೆ 90ಕ್ಕೆ ಏರಬೇಕು; 20 ವರ್ಷದಲ್ಲಿ 1,000ಕ್ಕೂ ಹೆಚ್ಚು ಹೆಲಿಕಾಪ್ಟರು, 4 ಲಕ್ಷ ಕೋಟಿ ರೂಪಾಯಿಗೂ ಮೀರಿದ ವ್ಯವಹಾರ ಆಗಬೇಕು. ಇದು ಕಂಪನಿಯ ಯೋಜನೆ.

ಇಲ್ಲಿ ತಯಾರಾಗಬೇಕಿದ್ದ ಮೊದಲ ಯಂತ್ರ 3 ಟನ್ ವರ್ಗದ ಲಘು ಬಳಕೆಯ ಹೆಲಿಕಾಪ್ಟರು, ಎಲ್‌ಯುಎಚ್. ಊರಿನವರ ಬಾಯಲ್ಲಿ ದೊಡ್ಡ ಸುದ್ದಿಯಾದದ್ದು ಮಾತ್ರ 2025ರ ಮಾರ್ಚ್ 28ರ ಒಪ್ಪಂದ. ಅಂದು ರಕ್ಷಣಾ ಸಚಿವಾಲಯ ಎಚ್‌ಎಎಲ್ ಜೊತೆ 156 ‘ಪ್ರಚಂಡ’ ಯುದ್ಧ ಹೆಲಿಕಾಪ್ಟರುಗಳಿಗೆ ಸಹಿ ಹಾಕಿತು. ತೆರಿಗೆ ಬಿಟ್ಟು 62,700 ಕೋಟಿ ರೂಪಾಯಿ. 66 ವಾಯುಪಡೆಗೆ, 90 ಭೂಸೇನೆಗೆ. ತಯಾರಿಕೆ ಬೆಂಗಳೂರು ಮತ್ತು ತುಮಕೂರಿನಲ್ಲಿ. 8,500ಕ್ಕೂ ಹೆಚ್ಚು ನೇರ ಮತ್ತು ಪರೋಕ್ಷ ಉದ್ಯೋಗ ಎಂದು ಸಚಿವಾಲಯದ ಪ್ರಕಟಣೆ ಹೇಳಿತು. ಲೇಔಟಿನ ಫ್ಲೆಕ್ಸುಗಳಲ್ಲಿ ಈ ಅಂಕಿ ಬಂದು ಕೂರಲು ಎಷ್ಟು ಹೊತ್ತು ಬೇಕು?

ಆ ಪ್ರಕಟಣೆಯನ್ನು ಪೂರ್ತಿ ಓದಿದವರು ಕಡಿಮೆ. ಹೆಲಿಕಾಪ್ಟರುಗಳ ಪೂರೈಕೆ ಶುರುವಾಗುವುದು ಮೂರನೆಯ ವರ್ಷದಿಂದ, ಅಲ್ಲಿಂದ ಮುಂದೆ ಐದು ವರ್ಷ ನಡೆಯುತ್ತದೆ ಎಂಬುದು ಅದರಲ್ಲೇ ಇದೆ. ಈ ಕೆಲಸದಲ್ಲಿ 250ಕ್ಕೂ ಹೆಚ್ಚು ಕಂಪನಿಗಳು, ಬಹುಪಾಲು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ಪಾಲು ಪಡೆಯುತ್ತವೆ ಎಂಬುದೂ ಇದೆ. 8,500 ಕೆಲಸವನ್ನೂ ಅವಕ್ಕೇ ಹಂಚಿದರೆ ಒಂದೊಂದಕ್ಕೆ ಸರಾಸರಿ 34 ಜನ. ಆ ಕಂಪನಿಗಳೆಲ್ಲ ಗುಬ್ಬಿ ತಾಲ್ಲೂಕಿನಲ್ಲಿವೆಯೇ? ಇಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಶೆಡ್ಡುಗಳಿಗೂ ಇದರ ಪಾಲು ಹೋಗುತ್ತದೆ, ಹೊರ ರಾಜ್ಯಗಳಿಗೂ ಹೋಗುತ್ತದೆ. ಎಚ್‌ಎಎಲ್‌ನದೇ ತೇಜಸ್ ಯುದ್ಧವಿಮಾನ ನೋಡಿ. ಅದರ ರೆಕ್ಕೆ ಬರುವುದು ಕೊಯಮತ್ತೂರಿನಿಂದ, ಒಡಲಿನ ನಡುಭಾಗ ಹೈದರಾಬಾದಿನಿಂದ, ಹಿಂಭಾಗ ಬೆಂಗಳೂರಿನ ಖಾಸಗಿ ಕಂಪನಿಯಿಂದ. ಬೆಂಗಳೂರಿನ ಎರಡು ಜೋಡಣೆ ಸಾಲುಗಳ ಜೊತೆಗೆ ಮೂರನೆಯದು 2025ರ ಅಕ್ಟೋಬರಿನಲ್ಲಿ ನಾಸಿಕ್‌ನಲ್ಲಿ ಆರಂಭವಾಯಿತು. ಅದಕ್ಕೆ ಸ್ವಲ್ಪ ಮೊದಲು, ಸೆಪ್ಟೆಂಬರ್ 25ರಂದು, 97 ತೇಜಸ್‌ಗಳಿಗೆ 62,370 ಕೋಟಿ ರೂಪಾಯಿಯ ಒಪ್ಪಂದವಾದಾಗ ವರ್ಷಕ್ಕೆ 11,750 ಉದ್ಯೋಗ ಎಂಬ ಅಂದಾಜು ಬಂತು. ಅದೂ ದೇಶದ ಹಲವು ಊರುಗಳ ಲೆಕ್ಕ, ಒಂದು ಊರಿನದಲ್ಲ. ಕಾರ್ಖಾನೆಯ ಗೇಟು ಎಲ್ಲಿದೆಯೋ ಅಲ್ಲೇ ಅಷ್ಟೂ ಕೆಲಸ ಇದೆ ಎಂದು ತಿಳಿಯುವುದು ಫ್ಲೆಕ್ಸು ಓದಿ ಕಲಿತ ಅರ್ಥಶಾಸ್ತ್ರ.

ಹೆದ್ದಾರಿ ಬದಿಯ ಟೀ ಅಂಗಡಿಯ ಹಿರಿಯರಿಗೆ ಇದು ಯಾವ ಪ್ರಕಟಣೆಯನ್ನೂ ಓದದೆ ಗೊತ್ತು. “ಬೆಳಗ್ಗೆ ಬಸ್ ಬತ್ತದೆ, ಸಂಜಿಕೆ ಬಸ್ ಹೋಯ್ತದೆ. ಇಳ್ದು ಟೀ ಕುಡ್ಯೋರು ಎಲ್ಲವ್ರೆ ಸ್ವಾಮಿ?” ಎಂದರು. ಕಟ್ಟಡ ಏಳುತ್ತಿದ್ದ ವರ್ಷಗಳೇ ಅವರಿಗೆ ಸುಗ್ಗಿ. ಕಂಬಿ ಕಟ್ಟುವವರು, ಟಿಪ್ಪರ್ ಓಡಿಸುವವರು, ಬಿಹಾರ, ಒಡಿಶಾ ಕಡೆಯ ಗಾರೆ ಕೆಲಸದವರು ದಿನಕ್ಕೆ ಮೂರು ಸಲ ಬರುತ್ತಿದ್ದರು. ಈಗ ಬರುವವರು ನೌಕರರು. ಊಟ ಕ್ಯಾಂಟೀನಿನಲ್ಲಿ, ಮನೆ ತುಮಕೂರಿನಲ್ಲೋ ಬೆಂಗಳೂರಿನಲ್ಲೋ.

ಅದೇ ಬೆಂಚಿನ ಮೇಲೆ ಕೂತಿದ್ದವನು ಪಕ್ಕದ ಹಳ್ಳಿಯ ಹುಡುಗ, ಐಟಿಐ ಫಿಟ್ಟರ್. ಅಪ್ರೆಂಟಿಸ್ ಮುಗಿಸಿ ಸರ್ಟಿಫಿಕೇಟು ಇಟ್ಟುಕೊಂಡಿದ್ದಾನೆ. ಎಚ್‌ಎಎಲ್ ಆಪರೇಟರ್ ಹುದ್ದೆಗಳಿಗೆ ಕರೆದಾಗಲೆಲ್ಲ ಅರ್ಜಿ ಹಾಕುತ್ತಾನೆ. ಆ ಹುದ್ದೆಗಳಲ್ಲಿ ಅನೇಕವು ‘ಟೆನ್ಯೂರ್’ ಮೇಲೆ: ಗರಿಷ್ಠ 4 ವರ್ಷ, ಆಮೇಲೆ ಕಾಯಂ ಆಗುವ ಭರವಸೆ ಇಲ್ಲ. “ಸಿಕ್ರೆ ಬಿಡಲ್ಲ ಸಾರ್, ಎಚ್‌ಎಎಲ್ ಎಕ್ಸ್‌ಪೀರಿಯನ್ಸ್ ಅಂದ್ರೆ ಬೇರೆ ಕಡೆ ಕರೀತಾರೆ. ಆದ್ರೆ ಮನೇಲಿ ಹೆಣ್ಣು ನೋಡ್ತಾವ್ರೆ. ಅವ್ರು ಕೇಳೋದು ಒಂದೇ, ಪರ್ಮನೆಂಟಾ?” ಎಂದು ನಕ್ಕ. ಹೆಣ್ಣಿನ ಕಡೆಯವರು ಕೇಳುವ ಪ್ರಶ್ನೆಯನ್ನೇ ಬ್ಯಾಂಕಿನ ಮ್ಯಾನೇಜರೂ ಕೇಳುತ್ತಾರೆ. 20 ವರ್ಷದ ಗೃಹಸಾಲಕ್ಕೆ 4 ವರ್ಷದ ನೌಕರಿ ತೋರಿಸಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಒಪ್ಪಂದದಿಂದ ಬರುವ ಕೆಲಸದ ಸ್ವರೂಪ ಎಂಥದೋ ಮನೆಯ ಬೇಡಿಕೆಯೂ ಅಂಥದೇ. ಕಾಯಂ ನೌಕರ ಸೈಟು ಕೊಳ್ಳುತ್ತಾನೆ. ಟೆನ್ಯೂರ್ ನೌಕರ, ಅಪ್ರೆಂಟಿಸ್, ಗುತ್ತಿಗೆದಾರನ ಕೈಕೆಳಗಿನ ಹುಡುಗ ಕೋಣೆ ಹುಡುಕುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಮಾರಾಟಕ್ಕಿರುವುದು ಸೈಟು. ಗುಬ್ಬಿ ಪೇಟೆಯಲ್ಲಿ ಜನ ಕೇಳುತ್ತಿರುವುದು ಕೋಣೆ.

ಅಂಥ ಕೋಣೆಯೊಂದನ್ನು ನೋಡಲೆಂದು ಗುಬ್ಬಿಗೆ ಹಿಂದಿರುಗಿದೆ. ಗುಬ್ಬಿ ಎಂದರೆ ನಾಡಿಗೆಲ್ಲ ವೀರಣ್ಣನವರ ನಾಟಕ ಕಂಪನಿ, ಊರಿನವರಿಗೆ ಚನ್ನಬಸವೇಶ್ವರ ಸ್ವಾಮಿಯ ಗುಡಿ ಮತ್ತು ಅಡಿಕೆ, ಕೊಬ್ಬರಿ. ಪೇಟೆಯ ಒಳಬೀದಿಯಲ್ಲಿ ಒಂದು ಹಳೆಯ ಹೆಂಚಿನ ಮನೆ, ಅದಕ್ಕೆ ಅಂಟಿಕೊಂಡಂತೆ ಹಿತ್ತಲಲ್ಲಿ ಎದ್ದ ಎರಡಂತಸ್ತಿನ ಆರ್‌ಸಿಸಿ ಕಟ್ಟಡ. ಮನೆಯ ಯಜಮಾನಿ ಒಂದು ವರ್ಷದ ಅಡಿಕೆ ದುಡ್ಡು, ಮೇಲಿಷ್ಟು ಸೊಸೈಟಿ ಸಾಲ ಹಾಕಿ ಕಟ್ಟಿಸಿದ್ದು. ಒಂದೊಂದು ಕೋಣೆ ಸುಮಾರು ಹತ್ತಡಿಗೆ ಹನ್ನೆರಡಡಿ. ಮೆಟ್ಟಿಲ ಕೆಳಗೆ ಸೇಫ್ಟಿ ಶೂಗಳ ಸಾಲು, ಮೊಳೆಗೆ ತೂಗಿದ ಹೆಲ್ಮೆಟ್ಟು. ಒಳಗೆ ಮಂಚವಿಲ್ಲ, ಮೂರು ಹಾಸಿಗೆ ಸುರುಳಿ ಗೋಡೆಗೆ ಒರಗಿವೆ. ಮೂಲೆಯಲ್ಲಿ ಇಂಡಕ್ಷನ್ ಒಲೆ, ಕುಕ್ಕರು, ಅರ್ಧ ಚೀಲ ಅಕ್ಕಿ. ಗೋಡೆಯ ಮೇಲೆ ಕ್ಯಾಲೆಂಡರು, ಅದರಲ್ಲಿ ಪೆನ್ಸಿಲಿನಿಂದ ಶಿಫ್ಟ್ ಗುರುತು. ಒಂದೇ ಕಿಟಕಿ. ಒಗೆದ ಬಟ್ಟೆ ಒಣಗುವುದು ತಾರಸಿಯಲ್ಲಿ, ಅಡಿಕೆ ಹರವಿದ ಪಕ್ಕದಲ್ಲೇ.

“ಮೊದ್ಲು ಬಿಲ್ಡಿಂಗ್ ಕೆಲಸದವರಿಗೆ ಕೊಟ್ಟಿದ್ದೆ ಕಣಪ್ಪ. ಕೆಲಸ ಮುಗೀತು, ಒಂದೇ ವಾರದಲ್ಲಿ ಎಲ್ಲ ಖಾಲಿ. ಎಷ್ಟೋ ತಿಂಗಳು ಹಂಗೇ ಬಿದ್ದಿತ್ತು, ಬಡ್ಡಿ ಮಾತ್ರ ನಿಲ್ಲಲಿಲ್ಲ” ಎಂದರು ಆಕೆ. ಈಗಿನ ಹುಡುಗರು ಒಳ್ಳೆಯವರು, ಬಾಡಿಗೆ ತಡಮಾಡುವುದಿಲ್ಲ. ತೊಂದರೆ ಇರುವುದು ನೀರಿನದು. ಒಂದು ಕೋಣೆಗೆ ಮೂರು ಜನ, ಮೂವರಿಗೂ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ನಾನ ಆಗಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆ, ಬಾಡಿಗೆಯ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಇನ್ನೊಂದು ಅಂತಸ್ತು ಎತ್ತುತ್ತೀರಾ ಎಂದು ಕೇಳಿದೆ. “ಇವರು ಎಷ್ಟು ದಿನ ಇರ್ತಾರೆ ಅಂತ ನೀನು ಹೇಳು, ನಾನು ಕಟ್ಟಿಸ್ತೀನಿ” ಅಂದುಬಿಟ್ಟರು. ವಸತಿ ಮಾರುಕಟ್ಟೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ನೇರವಾದದ್ದು ಇಲ್ಲ.

ಹಿರಿಯ ನೌಕರರು ಇಲ್ಲಿಗೆ ಮನೆ ಬದಲಿಸುವುದಿಲ್ಲವೇ? ಕೆಲವರು ತುಮಕೂರಿಗೆ ಬಂದಿದ್ದಾರೆ. ಅದಕ್ಕಿಂತ ಆಚೆ ಬರುವುದು ಕಷ್ಟ. ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್, ಅಲ್ಲಿಂದ ಗುಬ್ಬಿಗೆ ಇನ್ನೊಂದು 20. ಗಂಡನಿಗೆ ಬಿದರೆಹಳ್ಳ ಕಾವಲ್‌ನಲ್ಲಿ ಕೆಲಸ, ಹೆಂಡತಿಗೆ ವೈಟ್‌ಫೀಲ್ಡಿನಲ್ಲಿ, ಮಗಳು ಹತ್ತನೆಯ ತರಗತಿ. ಅಂಥ ಸಂಸಾರ ಲಾರಿ ಹತ್ತುವುದಿಲ್ಲ. ಗಂಡಸು ಬಸ್ ಹತ್ತುತ್ತಾನೆ. ಗುಬ್ಬಿಯಲ್ಲಿ ಒಳ್ಳೆಯ ಶಾಲೆ, ಆಸ್ಪತ್ರೆ, ಹೆಣ್ಣುಮಕ್ಕಳಿಗೂ ಕೆಲಸ ಸಿಗುವವರೆಗೆ ಹೆಲಿಕಾಪ್ಟರಿನ ಸಂಬಳ ಇಲ್ಲಿ ಖರ್ಚಾಗುವುದಿಲ್ಲ.

ಹಳೆಯ ಕಾಲದಲ್ಲಿ ಇದನ್ನು ಬೇರೆ ರೀತಿ ಮಾಡಿದ್ದರು. ಅದರ ಗುರುತು ನೋಡಬೇಕಾದರೆ ಬೆಂಗಳೂರಿನ ವಿಮಾನಪುರಕ್ಕೆ ಹೋಗಬೇಕು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದಾಗ ಮೈಸೂರಿನ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಕಾರ್ಖಾನೆ ಬೆಳೆದ ಹಾಗೆ ಅದರ ಸುತ್ತ ಊರೇ ಎದ್ದಿತು: ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಮಾರ್ಕೆಟ್ಟು. ಕೆಲಸಕ್ಕೆ ಸೇರಿದವನಿಗೆ ಕ್ವಾರ್ಟರ್ಸು, ನಿವೃತ್ತಿಯ ಹೊತ್ತಿಗೆ ಗೃಹನಿರ್ಮಾಣ ಸಂಘದ ಸೈಟು. ಇಂಥ ಎರಡು ಮೆಟ್ಟಿಲು ಹತ್ತಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಎಷ್ಟೋ ಕಾರ್ಮಿಕ ಕುಟುಂಬಗಳು ಮಧ್ಯಮವರ್ಗವಾದವು. ಕನ್ನಡ ಚಳವಳಿ, ಹವ್ಯಾಸಿ ನಾಟಕ, ಗಣೇಶೋತ್ಸವದ ಆರ್ಕೆಸ್ಟ್ರಾ ಎಲ್ಲಕ್ಕೂ ಈ ಕಾರ್ಖಾನೆಗಳ ನೌಕರರೇ ಬೆನ್ನೆಲುಬು.

ಈಗ ವಿಮಾನಪುರದಲ್ಲಿ ಅಡ್ಡಾಡಿದರೆ 62 ಸಾವಿರ ಕೋಟಿಯ ಎರಡೆರಡು ಒಪ್ಪಂದಗಳ ಬಿಸಿ ಬಾಡಿಗೆಯ ಮೇಲೆ ಎಲ್ಲೂ ತಟ್ಟಿದಂತೆ ಕಾಣುವುದಿಲ್ಲ. ಸುರಂಜನ್ ದಾಸ್ ರಸ್ತೆಯ ಇಕ್ಕೆಲದ ಗಲ್ಲಿಗಳಲ್ಲಿ ಪಿಜಿಗಳ ಬೋರ್ಡು ತುಂಬಿವೆ, ಅವುಗಳಲ್ಲಿ ಇರುವವರು ಹೆಚ್ಚಾಗಿ ಐಟಿ ಹುಡುಗ ಹುಡುಗಿಯರು. ಬಾಡಿಗೆ ನಿರ್ಧರಿಸುವುದು ಮಾರತ್‌ಹಳ್ಳಿ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಸಂಬಳ. ಇಂದಿರಾನಗರದ ಮಗ್ಗುಲಿನ ಬಡಾವಣೆಗೆ ಎಚ್‌ಎಎಲ್ 2ನೇ ಹಂತ ಎಂಬ ಹೆಸರೇನೋ ಇದೆ, ಹೊಸದಾಗಿ ಸೇರಿದ ಎಚ್‌ಎಎಲ್ ಟೆಕ್ನೀಷಿಯನ್ ಅಲ್ಲಿ ಮನೆ ಹುಡುಕುವ ಧೈರ್ಯ ಮಾಡುವುದಿಲ್ಲ. ಮಹಾನಗರದ ಸಾಗರದಲ್ಲಿ ಇಷ್ಟು ದೊಡ್ಡ ಒಪ್ಪಂದವೂ ಕರಗಿಹೋಗುತ್ತದೆ. ಗುಬ್ಬಿಯಲ್ಲಿ ಹಾಗಲ್ಲ, ನೂರು ಹುಡುಗರು ಕೋಣೆ ಕೇಳಿಕೊಂಡು ಬಂದರೂ ಬಾಡಿಗೆ ಏರುತ್ತದೆ. ಕಾಲೇಜಿಗೆ ಹಳ್ಳಿಯಿಂದ ಬಂದು ಕೋಣೆ ಮಾಡಿಕೊಂಡಿದ್ದ ವಿದ್ಯಾರ್ಥಿಗೆ, ಹೊಸದಾಗಿ ವರ್ಗವಾಗಿ ಬಂದ ಮೇಷ್ಟರಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ಸಂಬಳ ಹೆಚ್ಚಿದವರು ಒಬ್ಬರು, ಬಾಡಿಗೆ ಹೆಚ್ಚು ಕೊಡುವವರು ಇನ್ನೊಬ್ಬರು.

ತುಮಕೂರಿಗೆ ಇನ್ನೊಂದು ಪಾಠವೂ ಗೊತ್ತಿದೆ. ಊರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಒಂದು ಕಾಲಕ್ಕೆ ಜಿಲ್ಲೆಯ ಹೆಮ್ಮೆ. ಅಲ್ಲಿ ಕೆಲಸ ಸಿಕ್ಕಿತೆಂದರೆ ಮದುವೆ, ಮನೆ ಎರಡೂ ಆದಂತೆ ಎಂದು ಲೆಕ್ಕ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಬಿದರೆಹಳ್ಳ ಕಾವಲ್‌ನಲ್ಲಿ ಅಡಿಗಲ್ಲು ಬಿದ್ದ ತಿಂಗಳಲ್ಲೇ ಅದೂ ಆದದ್ದು. ಆ ಕಾರ್ಖಾನೆಯ ಜಾಗ ಆಮೇಲೆ ಇಸ್ರೋ ಪಾಲಾಯಿತು. ಗ್ರಾಹಕರು ಲಕ್ಷಾಂತರ ಮಂದಿ ಇದ್ದ ಕಾರ್ಖಾನೆಯ ಕಥೆಯೇ ಹೀಗಾದರೆ, ಒಬ್ಬನೇ ಗ್ರಾಹಕನನ್ನು ನಂಬಿದ ಕಾರ್ಖಾನೆಯ ಬಗ್ಗೆ ಸ್ವಲ್ಪ ಎಚ್ಚರ ತಪ್ಪಲ್ಲ. ಹಾಗೆಂದು ಎಚ್‌ಎಎಲ್ ಸೋಲುತ್ತದೆ ಎಂದು ನಾನು ಹೇಳುತ್ತಿಲ್ಲ. 2025ರ ಮಾರ್ಚ್ ಕೊನೆಗೆ ಅದರ ಕೈಯಲ್ಲಿದ್ದ ಆರ್ಡರು 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಕೆಲಸಕ್ಕೆ ಬರವಿಲ್ಲ, ಸಮಯಕ್ಕೆ ಸರಿಯಾಗಿ ಆಗುವುದೇ ಕಷ್ಟ. 2021ರ ಫೆಬ್ರುವರಿಯಲ್ಲಿ ಸಹಿಯಾದ 83 ತೇಜಸ್‌ಗಳ ಕಥೆ ಎಲ್ಲರಿಗೂ ಗೊತ್ತು: ಅಮೆರಿಕದ ಜಿಇ ಕಂಪನಿಯ ಎಂಜಿನ್ನುಗಳಲ್ಲಿ ಮೊದಲನೆಯದು ಬಂದದ್ದೇ 2025ರ ಮಾರ್ಚಿನಲ್ಲಿ. ಎಂಜಿನ್ ತಡವಾದರೆ ಜೋಡಣೆ ತಡ, ಜೋಡಣೆ ತಡವಾದರೆ ನೇಮಕ ತಡ. ಅಷ್ಟರಲ್ಲಿ ಲೇಔಟಿನವನು ಎರಡನೆಯ ಹಂತ ಮಾರುತ್ತಿರುತ್ತಾನೆ.

ಲೇಔಟಿನ ಶೆಡ್ಡಿನಲ್ಲಿ ನನಗೂ ಒಂದು ಬ್ರೋಷರ್ ಸಿಕ್ಕಿತು. 30×40, 30×50, ಕಾರ್ನರ್ ಸೈಟಿಗೆ ಹೆಚ್ಚು ದರ. ಎಚ್‌ಎಎಲ್ ಜೊತೆಗೆ ವಸಂತನರಸಾಪುರದ ಕೈಗಾರಿಕಾ ನಗರ, ತುಮಕೂರಿಗೆ ಬರಲಿದೆ ಎನ್ನುವ ಮೆಟ್ರೊ ಎಲ್ಲವೂ ಆ ಹಾಳೆಯಲ್ಲಿವೆ. ವಸಂತನರಸಾಪುರ ಇರುವುದು ತುಮಕೂರಿನ ಇನ್ನೊಂದು ದಿಕ್ಕಿಗೆ, ಶಿರಾ ಕಡೆ. ಅದನ್ನು ಹೇಳಿದ್ದಕ್ಕೆ ಏಜೆಂಟರು “ಡೆವಲಪ್‌ಮೆಂಟ್ ಅಂದ್ಮೇಲೆ ಎಲ್ಲಾ ಕಡೆ ಬರುತ್ತಲ್ವಾ ಸಾರ್” ಅಂದರು. ಸೈಟು ಕೊಂಡವರು ಯಾರು ಎಂದು ಕೇಳಿದರೆ ಬೆಂಗಳೂರಿನ ಟೀಚರುಗಳು, ಸಾಫ್ಟ್‌ವೇರಿನವರು, ದುಬೈಯಲ್ಲಿರುವವರು. ಕಾರ್ಖಾನೆಯವರು? “ಅವರೂ ನೋಡ್ಕೊಂಡು ಹೋಗಿದ್ದಾರೆ.” ಮನೆ ಕಟ್ಟಲು ಯಾರಾದರೂ ಪಾಯ ತೆಗೆದಿದ್ದಾರೆಯೇ ಎಂದರೆ ಉತ್ತರವಿಲ್ಲ. ಇಲ್ಲಿ ಸೈಟು ಮಾರಾಟವಾಗುತ್ತಿರುವುದು ವಾಸಕ್ಕಲ್ಲ, ಇಡುಗಂಟಿಗೆ. ಇಡುಗಂಟನ್ನು ವಸತಿ ಬೇಡಿಕೆ ಎಂದು ಕರೆದರೆ ಲೆಕ್ಕ ತಪ್ಪುತ್ತದೆ. ಬೆಲೆ ಏರಿದ್ದು ಕಂಡು ಪಕ್ಕದ ಹೊಲದವರೂ ರಾಗಿ ಬಿತ್ತುವುದು ಬಿಟ್ಟು ಗಿರಾಕಿಗೆ ಕಾಯುತ್ತಾರೆ. ಒಂದು ಎಕರೆಯ 40 ಗುಂಟೆಯೂ ಬೀಳು ಬಿದ್ದು ಲಂಟಾನ ಬೆಳೆಯುತ್ತದೆ. ಅಂಥ ಹೊಲಗಳು ಈ ರಸ್ತೆಯಲ್ಲಿ ಈಗಾಗಲೇ ಕಣ್ಣಿಗೆ ಬೀಳುತ್ತವೆ.

ಕೊಳ್ಳಲೇಬೇಕು ಅನ್ನುವವರು ಬ್ರೋಷರನ್ನು ಬದಿಗಿಟ್ಟು ಕಾಗದ ಕೇಳಿ: ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಕೈಗೆ 11ಬಿ ಇಟ್ಟರೆ ಅಲ್ಲಿಂದಲೇ ಎದ್ದು ಬನ್ನಿ.

ಕಾರ್ಖಾನೆಗೆ ನಿಜಕ್ಕೂ ಬೇಕಾದ ವಸತಿಯನ್ನು ಲೇಔಟಿನವರು ಕಟ್ಟುವುದಿಲ್ಲ, ಅದರಲ್ಲಿ ಅವರಿಗೆ ಲಾಭವಿಲ್ಲ. ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್ಟಿನಲ್ಲಿ ಕೈಗಾರಿಕಾ ಕಾರ್ಮಿಕರಿಗಾಗಿ ಹಾಸ್ಟೆಲ್ ಮಾದರಿಯ ಬಾಡಿಗೆ ವಸತಿ ಕಟ್ಟಲು ಖಾಸಗಿ ಸಹಭಾಗಿತ್ವದ ಯೋಜನೆ ಘೋಷಿಸಿತು. ತುಮಕೂರಿನ ಸಂಸದ ವಿ. ಸೋಮಣ್ಣನವರು ಹಿಂದೆ ರಾಜ್ಯದ ವಸತಿ ಸಚಿವರಾಗಿದ್ದವರು, ಈಗ ಕೇಂದ್ರದಲ್ಲಿ ರೈಲ್ವೆ ರಾಜ್ಯ ಸಚಿವರು. ಅವರಿಗೆ ಎರಡು ಮನವಿ. ಆ ಯೋಜನೆಯಡಿ ಗುಬ್ಬಿಗೆ ಒಂದು ಕಾರ್ಮಿಕ ವಸತಿ ಕೊಡಿಸಲಿ, ಅದರಲ್ಲಿ ಒಂದು ಮಹಡಿ ಹೆಣ್ಣುಮಕ್ಕಳಿಗೆ ಇರಲಿ. ನಿಟ್ಟೂರಿನಲ್ಲಿ ರೈಲು ನಿಲ್ದಾಣ ಹೇಗೂ ಇದೆ, ಕಾರ್ಖಾನೆಯ ಶಿಫ್ಟಿಗೆ ಹೊಂದುವಂತೆ ತುಮಕೂರಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು ರೈಲು ಓಡಿಸಲಿ. ಪ್ರಚಂಡಗಳ ಪೂರೈಕೆ ಶುರುವಾಗುವುದರೊಳಗೆ ಇವೆರಡನ್ನೂ ಮಾಡಿ ಮುಗಿಸಬಹುದು.